ಚಿನ್ನಿ ಇಳಿಸಿದ ಹುಳುಗಳು

ಮಕ್ಕಳಿಗೆ ಸಹಾಯ ಮಾಡುವ ಗುಣವನ್ನು ಚಿತ್ರಪುಸ್ತಕದಿಂದ ಕಲಿಸಬಹುದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನು ಓದಿದ್ದು ಹತ್ತನೇ ತರಗತಿ. ಚಿತ್ರ ತೋರಿಸಲು ಅಷ್ಟು ಸಾಕು.

ನನ್ನ ಹೆಂಡತಿ ಲಕ್ಷ್ಮಮ್ಮ ತೀರಿಕೊಂಡು ಐದು ತಿಂಗಳಾಗಿತ್ತು. ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದವಳು ಅವಳೇ. ಅವಳಿಲ್ಲದೆ ಹಿಡಿದ ಮೊದಲ ಬೆಳೆ ಕೆಡಬಾರದೆಂದು ಸೊಸೆ ಸುಜಾತ ಹಗಲೆಲ್ಲ ಹುಳುಮನೆಯಲ್ಲೇ ಇರುತ್ತಿದ್ದಳು. ಐದು ವರ್ಷದ ಮೊಮ್ಮಗಳು ಚಿನ್ನಿಯನ್ನು ಉಪಕಾರಿಯನ್ನಾಗಿ ಮಾಡುವ ಘನ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ, ಕುರ್ಚಿಯಲ್ಲಿ ಕೂತು.

ಶಿಡ್ಲಘಟ್ಟದಿಂದ ಪುಸ್ತಕ ತಂದೆ. ಮೊದಲ ಪುಟದಲ್ಲಿ ಮರ ಹತ್ತಿ ಇಳಿಯಲಾರದ ಬೆಕ್ಕಿನ ಮರಿ. ಒಬ್ಬ ಹುಡುಗಿ ಅದನ್ನು ಇಳಿಸಿ ತಾಯಿಯ ಹತ್ತಿರ ಬಿಡುತ್ತಾಳೆ. ಕೊನೆಯ ಪುಟದಲ್ಲಿ ಅದೇ ಹುಡುಗಿ ಉಂಡ ತಟ್ಟೆಯನ್ನು ತಾನೇ ಎತ್ತುತ್ತಾಳೆ.

"ಪಾಪ, ಅದಕ್ಕೆ ಇಳಿಯಕ್ಕೆ ಬರಲ್ವಾ ತಾತ?"

"ಬರಲ್ಲ ಕಣಮ್ಮ. ಅಂಥವರನ್ನ ಕಂಡ್ರೆ, ಕೇಳ್ಲಿ ಅಂತ ಕಾಯ್ಬಾರ್ದು. ನಾವೇ ಇಳಿಸ್ಬೇಕು."

ಈ ಮಾತು ನನಗೇ ಬಹಳ ಹಿಡಿಸಿತು. ಎರಡು ಸಲ ಹೇಳಿದೆ.

ಮರುದಿನ ಹುಳುಗಳು ಹಣ್ಣಾಗತೊಡಗಿದವು. ಎಲೆ ತಿನ್ನುವುದನ್ನು ಬಿಟ್ಟವನ್ನು ಸುಜಾತ ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟಳು. ಚಂದ್ರಿಕೆಯನ್ನು ಜಗುಲಿಯ ನೆರಳಿಗೆ ಒರಗಿಸಿ, "ನೋಡ್ಕೊಳಿ ಮಾವ, ಒಂದ್ ತುತ್ತು ತಿಂದ್ಕೊಂಡ್ ಬರ್ತೀನಿ" ಎಂದಳು.

ನೋಡಿಕೊಂಡೆ. ಕಣ್ಣು ಮುಚ್ಚಿದ್ದವು, ಅಷ್ಟೆ.

ಗೂಡು ಕಟ್ಟುವ ಮುನ್ನ ಹುಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತದೆ. ಐದು ವರ್ಷದವರ ಕಣ್ಣಿಗೆ ಅದು ಸಹಾಯ ಕೇಳಿದಂತೆಯೇ ಕಾಣುತ್ತದೆ.

ನಾನು ಎದ್ದಾಗ ಚಂದ್ರಿಕೆಯ ಕೆಳಗಿನ ಅರ್ಧ, ಚಿನ್ನಿಯ ಕೈಗೆ ಎಟುಕುವಷ್ಟು, ಬೋಳು. ಅವಳು ಹುಳು ತುಂಬಿಕೊಂಡು ಹೋಗಿದ್ದ ಲಂಗವನ್ನು ಕೊಡವುತ್ತಿದ್ದಳು.

"ಎಲ್ಲಾನೂ ಇಳಿಸ್ದೆ ತಾತ. ಒಳಗೆ ಎಲೆ ಮೇಲೆ, ಅವ್ರಮ್ಮನ ಹತ್ರ ಬಿಟ್ಟೆ."

"ಅವ್ರಮ್ಮ ಯಾರೇ?"

"ದಪ್ಪ ಇರೋವೆಲ್ಲ ಅವ್ರಮ್ಮಂದಿರು."

ಸುಜಾತ ಎಂಜಲು ಕೈಯಲ್ಲೇ ಓಡಿ ಬಂದಳು. "ಎಲೆ ಕಸದಲ್ಲಿ ಕಟ್ಟಿದ ಗೂಡು ಯಾರು ತಗೋತಾರೆ ಮಾವ? ಅತ್ತೆ ಇದ್ದಿದ್ರೆ..."

"ಇದ್ದಿದ್ರೆ ನನ್ನನ್ನೇ ಚಂದ್ರಿಕೆಗೆ ಹತ್ತಿಸ್ತಿದ್ಲು" ಎಂದೆ. ಸುಜಾತ ನಕ್ಕಳು. ನಮ್ಮ ಮನೆಯಲ್ಲಿ ನಗು ಕೇಳಿ ಐದು ತಿಂಗಳಾಗಿತ್ತು.

ಮೂವರೂ ಕೂತು ಮತ್ತೆ ಆರಿಸಿದೆವು. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಮೈ ತಿಳಿಯಾಗಿ ಹೊಳೆಯುತ್ತದೆ. ಲಕ್ಷ್ಮಮ್ಮನಿಗೆ ಮುಟ್ಟಿದರೇ ಗೊತ್ತಾಗುತ್ತಿತ್ತು. ನಾನು ಪೂರ್ಣ ವಿಶ್ವಾಸದಿಂದ ಹಣ್ಣಾಗದವನ್ನೇ ಹತ್ತಿಸುತ್ತಿದ್ದೆ. ಚಿನ್ನಿ ಮರ್ಯಾದೆಯಿಂದ ಅವನ್ನು ಇಳಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಚಂದ್ರಿಕೆ ತುಂಬಿತು. ಬೆಳೆ ಉಳಿಯಿತು.

ಊಟವಾದ ಮೇಲೆ ಚಿನ್ನಿ ತನ್ನ ತಟ್ಟೆ ಎತ್ತಿಟ್ಟು ಬಂದಳು. ನನ್ನದನ್ನು ನೋಡಿದಳು. ಪುಸ್ತಕ ತಂದು, ಕೊನೆಯ ಪುಟ ತೆರೆದು ನನ್ನ ಮುಖಕ್ಕೆ ಹಿಡಿದಳು.

ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೊರಟೆ. ಲಕ್ಷ್ಮಮ್ಮ ಇದೇ ಪಾಠವನ್ನು ಮೂವತ್ತಾರು ವರ್ಷ ಬಾಯಲ್ಲಿ ಹೇಳಿದ್ದಳು. ಪಾಪ, ಅವಳ ಹತ್ತಿರ ಚಿತ್ರವಿರಲಿಲ್ಲ.