ಅಪ್ಪನ ಎಡೆಗೆ ಸೋಯಾ ಸಾರು

ಇನ್ನು ಮೂರು ತಿಂಗಳು ಈ ಮನೆಯಲ್ಲಿ ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆಯೂ ಇಲ್ಲ! ಬರೀ ಸೊಪ್ಪು, ಕಾಳು, ತರಕಾರಿ! ನಾಲ್ಕು ಹೊಟ್ಟೆಗಳನ್ನು ಅರ್ಧ ಖರ್ಚಿನಲ್ಲಿ ತುಂಬಿಸಿ ತೋರಿಸದಿದ್ದರೆ ನನ್ನ ಹೆಸರು ನಂದಕುಮಾರನೇ ಅಲ್ಲ!

ಎರಡು ಸಾವಿರದ ಒಂಬತ್ತನೇ ಇಸವಿಯ ಆಗಸ್ಟ್ ತಿಂಗಳ ಒಂದು ಭಾನುವಾರ, ಗಂಗಾನಗರದ ನಮ್ಮ ಮನೆಯ ಹಾಲಿನಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ಚಪ್ಪಾಳೆ ಬೀಳಲಿಲ್ಲ. ಹೆಂಡತಿ ಸರಳಾ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಮಗಳು ಧನುಶ್ರೀ ಮಾತ್ರ ಕೇಳಿದಳು: "ಅಪ್ಪಾ, ಕಬಾಬ್ ತರಕಾರಿ ಅಲ್ವಾ?"

ನನಗೆ ಬೇರೆ ದಾರಿ ಇರಲಿಲ್ಲ ಎನ್ನಿ. ಫ್ಯಾಕ್ಟರಿಯಲ್ಲಿ ಕೆಲಸ ಕಮ್ಮಿಯಾಗಿ ಓವರ್‌ಟೈಮ್ ನಿಲ್ಲಿಸಿದ್ದರು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಮನೆಯಲ್ಲಿ ನಗು ಹೋಗಿ ಎಷ್ಟೋ ದಿನವಾಗಿತ್ತು, ಈಗ ಸಂಬಳವೂ ಅದರ ಹಿಂದೆ ಹೊರಟಿತ್ತು. ಆದರೆ ಹದಿನೈದು ವರ್ಷ ಫ್ಯಾಕ್ಟರಿಯ ಸ್ಟೋರಿನಲ್ಲಿ ಒಂದು ನಟ್ಟು ಆಚೀಚೆಯಾಗದಂತೆ ಕಾದವನು ನಾನು. ನನಗೆ ಬದನೆಕಾಯಿ ಯಾವ ಲೆಕ್ಕ! ಸ್ಕೇಲು, ಕೆಂಪು ಪೆನ್ನು ಹಿಡಿದು ವಾರದ ಚಾರ್ಟ್ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಸೋಮವಾರ ಹುರುಳಿ ಸಾರು, ಮಂಗಳವಾರ ಸೊಪ್ಪಿನ ಬಸ್ಸಾರು, ಹೀಗೇ ಸಾಗಿ ಭಾನುವಾರಕ್ಕೆ ಮಟನ್ ಮಸಾಲೆಯಲ್ಲಿ ಸೋಯಾ ಸಾರು. ಸಾಕ್ಷಾತ್ ಮಟನ್ನೇ ನಾಚಬೇಕು!

ಸೋಯಾ ಚಂಕ್ಸ್ ಸಗಟು ದರಕ್ಕೆ ಸಿಗುತ್ತದೆಂದು ಯಶವಂತಪುರದ ಎಪಿಎಂಸಿ ಯಾರ್ಡಿನ ಪಕ್ಕದ ಅಂಗಡಿಯಿಂದ ಐದು ಕೇಜಿಯ ಚೀಲವನ್ನೇ ತಂದೆ. ಸ್ಕೂಟರಿನ ಮುಂದೆ ಅದನ್ನು ನಿಲ್ಲಿಸಿಕೊಂಡು, ಅದರ ಪಕ್ಕದಿಂದ ರಸ್ತೆಯನ್ನು ಇಣುಕಿ ನೋಡುತ್ತಾ ಮನೆ ಸೇರುವಷ್ಟರಲ್ಲಿ ಮೂವರಿಂದ ಬೈಸಿಕೊಂಡಿದ್ದೆ. ಮೊದಲ ಭಾನುವಾರದ ಅಡುಗೆ ನನ್ನದೇ. ಮಟನ್ ಆದರೆ ತಲೆಗೆ ಕಾಲು ಕೇಜಿ, ನಾಲ್ಕು ಜನಕ್ಕೆ ಒಂದು ಕೇಜಿ. ಅದೇ ಅಳತೆಯಲ್ಲಿ ಒಂದು ಕೇಜಿ ಒಣ ಸೋಯಾ ಸುರಿದು, ಬಿಸಿನೀರು ಹೊಯ್ದು, ಪೇಪರ್ ಓದಲು ಕೂತೆ. ಹಿಂತಿರುಗಿ ನೋಡಿದರೆ ಪಾತ್ರೆಯ ಮುಚ್ಚಳ ತಾನಾಗಿಯೇ ಮೇಲೇಳುತ್ತಿದೆ!

"ರೀ, ಸ್ನಾನದ ಬಕೆಟ್ ಯಾಕ್ರೀ ಅಡುಗೆಮನೇಲಿದೆ?"

"ಸ್ವಲ್ಪ ಉಬ್ಬಿದೆ ಕಣೆ."

"ಸ್ವಲ್ಪಾನಾ? ಬೀಗರೂಟಕ್ಕೆ ಸಾಕಾಗತ್ತೆ! ನೀರಲ್ಲಿ ಹಾಕಿದ್ರೆ ಉಬ್ಬತ್ತೆ ಅಂತ ಗೊತ್ತಿಲ್ವಾ ನಿಮ್ಗೆ?"

"ಮಟನ್ ಉಬ್ತಿರ್ಲಿಲ್ಲ."

ಆಮೇಲೆ ನಾಲ್ಕು ದಿನ ಚಾರ್ಟಿನಲ್ಲಿ ಏನು ಬರೆದಿದ್ದರೂ ತಟ್ಟೆಗೆ ಬಂದದ್ದು ಸೋಯಾ. ಸೋಯಾ ಪಲ್ಯ, ಸೋಯಾ ಚಿತ್ರಾನ್ನ, ಸೋಯಾ ಉಪ್ಪಿಟ್ಟು! "ನಾನು ಡಬ್ಬಿ ತೆಗೆದ್ರೆ ಫ್ರೆಂಡ್ಸ್ ಬೇರೆ ಬೆಂಚಿಗೆ ಹೋಗ್ತಾರೆ" ಎಂದು ಧನುಶ್ರೀ ಅತ್ತಳು. ಅಮ್ಮ ಮಾತ್ರ ಒಂದು ಮಾತೂ ಆಡಲಿಲ್ಲ. ಅಪ್ಪ ಹೋದಾಗಿನಿಂದ ಅಮ್ಮ ಬಡಿಸಿದ್ದನ್ನು ಉಂಡು ಸುಮ್ಮನೆ ಎದ್ದು ಹೋಗುತ್ತಿದ್ದಳು. ಆ ಮೌನವನ್ನು ನಾನು ಮೆಚ್ಚುಗೆ ಎಂದುಕೊಂಡೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಅಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮ ಮನೆತನದಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಹೋದವರು ಇಷ್ಟಪಟ್ಟು ಉಣ್ಣುತ್ತಿದ್ದುದನ್ನೆಲ್ಲ ಮಾಡಿ, ಫೋಟೋದ ಮುಂದೆ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಆ ಎಡೆಯನ್ನು ಮನೆಯವರು ಹಂಚಿಕೊಂಡು ಉಣ್ಣಬೇಕು.

ಅಮಾವಾಸ್ಯೆಗೆ ಮೂರು ದಿನ ಇದೆ ಎನ್ನುವಾಗ ಅಮ್ಮ ನನ್ನ ಹತ್ತಿರ ಬಂದಳು.

"ನಿಮ್ಮಪ್ಪಂಗೆ ಇದು ಮೊದಲ್ನೇ ಎಡೆ. ಒಂದ್ ಕೇಜಿ ಬಾಡು ತತ್ತಾರಪ್ಪ. ಒಳ್ಳೆ ತುಂಡು ನೋಡಿ ಆಕುಸ್ಕೊಂಡ್ ಬಾ."

"ಅಮ್ಮ, ಚಾರ್ಟಲ್ಲಿ ಮಾಂಸ ಇಲ್ವಲ್ಲ."

"ಒಂದೇ ದಿನ ಕಣೋ."

ನಿಜ ಹೇಳುತ್ತೇನೆ, ಒಂದು ಕೇಜಿ ಮಟನ್ನಿಗೆ ಮನೆ ಮುಳುಗುತ್ತಿರಲಿಲ್ಲ. ಆದರೆ ಫ್ಯಾಕ್ಟರಿಯಲ್ಲಿ ಆರು ಜನ ನನ್ನ ಚಾರ್ಟನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದರು. ಕ್ಯಾಂಟೀನಿನಲ್ಲಿ ನನ್ನನ್ನು ಕಂಡರೆ ಎದ್ದು ಜಾಗ ಕೊಡುತ್ತಿದ್ದರು! ಕಾನೂನು ಮಾಡಿದ ಮಹಾನುಭಾವನೇ ಅದನ್ನು ಮುರಿಯುವುದೇ?

"ಸೋಯಾನೇ ಮಾಡೋಣಮ್ಮ. ಅದೇ ಮಸಾಲೆ, ಅದೇ ರುಚಿ. ಅಪ್ಪಂಗೆ ಗೊತ್ತೇ ಆಗಲ್ಲ" ಎಂದೆ.

ಅಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು. ಸರಳಾ ಬಂದು, "ರೀ, ಮಾವ ಹೋದ್ಮೇಲೆ ಅತ್ತೆ ಬಾಯ್ಬಿಟ್ಟು ಕೇಳಿದ್ದು ಇದೊಂದೇ" ಎಂದಳು. "ಸೆಂಟಿಮೆಂಟ್ ಬೇರೆ, ಬಜೆಟ್ ಬೇರೆ!" ಎಂದು ನಾನು ಗುಡುಗಿದೆ. ಆ ಮಾತನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ.

ಅಮಾವಾಸ್ಯೆಯ ದಿನ ಸರಳಾ ಮುದ್ದೆ, ಅನ್ನ, ವಡೆ ಮಾಡಿದಳು. "ಮಸಾಲೆ ರುಬ್ಬಿಟ್ಟಿದೀನಿ. ಆ ಸಾರಿನ ಪಾಪ ನಿಮ್ಮದೇ" ಎಂದು ಅಡುಗೆಮನೆ ಬಿಟ್ಟು ಹೊರಗೆ ಬಂದಳು. ಈ ಸಲ ನಾನು ಹುಷಾರು! ಬಕೆಟ್ಟಿನ ಪ್ರಸಂಗ ಮರುಕಳಿಸಬಾರದೆಂದು ಸೋಯಾವನ್ನು ನೆನೆಸಲೇ ಇಲ್ಲ. ಮಸಾಲೆ ಸಾರನ್ನು ಕುದಿಸಿ, ಬಡಿಸುವಾಗ ದೊಡ್ಡ ಬಟ್ಟಲಿಗೆ ಎರಡು ಹಿಡಿ ಒಣ ಸೋಯಾ ಹಾಕಿ, ಮೇಲೆ ಕೊತಕೊತ ಕುದಿಯುವ ಸಾರು ಸುರಿದೆ.

ತಣಿಸಂದ್ರದಿಂದ ಚಿಕ್ಕಪ್ಪ ಪಿಳ್ಳಣ್ಣ ಬಂದಿದ್ದರು. ಬಾಗಿಲಲ್ಲೇ ಮೂಗರಳಿಸಿದರು.

"ವಾಸ್ನೆ ಬಲೇ ಸಂದಾಗೈತೆ ಕಣ್ಲಾ ನಂದ! ಬಾಡು ಎಲ್ಲಿ ತಂದೆ?"

"ಯಾರ್ಡ್ ಹತ್ರ ಚಿಕ್ಕಪ್ಪ."

"ಯಾರ್ಡಲ್ಲಿ ಈರುಳ್ಳಿ ಅಲ್ವೇನ್ಲಾ ಮಾರೋದು?"

ನಾನು ಕೇಳಿಸದವನಂತೆ ಊದುಬತ್ತಿ ಹುಡುಕತೊಡಗಿದೆ. ಎಲೆ ಹಾಕಿ, ಹೊಸ ಪಂಚೆ ಇಟ್ಟು, ಅಪ್ಪನ ಬೀಡಿ ಕಟ್ಟು ಇಟ್ಟು, ಸಾರಿನ ಬಟ್ಟಲನ್ನು ಫೋಟೋದ ಎದುರಿಗೇ ಇಟ್ಟೆವು. ಎಲ್ಲರೂ ಕೈ ಮುಗಿದು ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಅರ್ಧ ಗಂಟೆ ಕಾದೆವು. ಅಮ್ಮ ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಬಾಗಿಲನ್ನೇ ನೋಡುತ್ತಿದ್ದಳು.

ಮೂರು ಸಲ ತಟ್ಟಿ ಬಾಗಿಲು ತೆಗೆದೆವು. ಮೊದಲು ಒಳಗೆ ಹೋದ ಚಿಕ್ಕಪ್ಪ ನಿಂತಲ್ಲೇ ನಿಂತರು.

"ಅತ್ತಿಗೇ! ಅಣ್ಣ ಬಂದಿದ್ದ ಕಣತ್ತಿಗೇ! ನೋಡು ಇಲ್ಲಿ! ಸಾರೆಲ್ಲಾ ಕುಡುದ್ಬುಟ್ಟವ್ನೆ, ತುಂಡು ಮಾತ್ರ ಅಂಗೇ ಬಿಟ್ಟವ್ನೆ!"

ನಿಜಕ್ಕೂ ಬಟ್ಟಲಲ್ಲಿ ಒಂದು ಹನಿ ಸಾರಿಲ್ಲ! ಸೋಯಾ ತುಂಡುಗಳು ಅಂಚಿನ ಮೇಲೆ ಗುಡ್ಡೆಯಾಗಿ ಕೂತಿವೆ. ಒಣ ಸೋಯಾ ಸಾರನ್ನೆಲ್ಲ ಹೀರಿಕೊಂಡು ಉಬ್ಬಿದೆ ಎಂದು ನನಗೆ ತಕ್ಷಣ ಗೊತ್ತಾಯಿತು. ಸರಳಾಗೂ ಗೊತ್ತಾಯಿತು. "ಅಪ್ಪಾ, ಅದು ಸೋಯಾ..." ಎಂದು ಬಾಯಿ ತೆರೆದ ಧನುಶ್ರೀಯ ತೋಳನ್ನು ಅವಳು ಮೆಲ್ಲಗೆ ಚಿವುಟಿದಳು. ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು!

"ನೋಡ್ದಾ ಅಮ್ಮ!" ಎಂದೆ, ಎದೆಯುಬ್ಬಿಸಿ. "ಅಪ್ಪಂಗೆ ಹಿಡಿಸ್ತು! ಅವ್ರು ಯಾವತ್ತೂ ಹಿಂಗೇ ಅಲ್ವಾ? ತುಂಡು ಬೇಡ, ಸಾರು ಹಾಕು ಅಂತಿದ್ರು."

ಅಮ್ಮ ಫೋಟೋದ ಮುಂದೆ ಕೂತಳು. ಅಳಲಿಲ್ಲ.

"ಊಂ, ಅಂತಿದ್ರು. ನೀನ್ ಸಣ್ಣೋನಿದ್ದಾಗ ವಾರಕ್ಕೊಂದ್ ಸಲ ಅರ್ಧ ಕೇಜಿ ತರೋರು, ಆಗ ಮನೇಲಿ ಆರು ಬಾಯಿ. ಅವ್ರ ಪಾಲಿನ್ ತುಂಡೆಲ್ಲ ನಿನ್ ತಟ್ಟೆಗಾಕ್ಬುಟ್ಟು, ನಂಗೆ ಸಾರೇ ಇಷ್ಟ ಅನ್ನೋರು. ನೀನು ನಂಬ್ದೆ. ಬಾಡು ಅಂದ್ರೆ ಪ್ರಾಣ ಬಿಡೋರು ಕಣೋ ಅವ್ರು! ಈಗ ಯಾರ್ಗೂ ಅಂಚೋಂಗಿಲ್ವಲ್ಲ, ಒಂದಿನ ಒಟ್ಟೆ ತುಂಬ ತುಂಡು ತಿನ್ಲಿ ಅಂತ ಕೇಳ್ದೆ."

"ಈಗ್ಲೇ ತರ್ತೀನಮ್ಮ, ಅಂಗಡಿ ತೆಗೆದಿರತ್ತೆ" ಎಂದು ತೊದಲುತ್ತಾ ಸ್ಕೂಟರಿನ ಕೀಲಿಗೆ ತಡಕಾಡಿದೆ.

"ಈಗ ತಂದು ಯಾರ್ಗ್ಲಾ ಇಕ್ತೀಯ?" ಚಿಕ್ಕಪ್ಪ ನನ್ನ ಕೈ ಹಿಡಿದರು. "ಅಣ್ಣ ಎದ್ದೋದ. ಇನ್ನು ಬರೋ ವರ್ಸಕ್ಕೇ."

ಅಮ್ಮ ನನಗೊಂದು ತಟ್ಟೆ ಇಟ್ಟು ಎಲೆಯ ಮುಂದೆ ಕೂರಿಸಿದಳು. ಆ ಬಟ್ಟಲನ್ನು ಎತ್ತಿ, ಒಂದು ತುಂಡೂ ಬಿಡದೆ ನನ್ನ ತಟ್ಟೆಗೆ ಸುರಿದಳು.

"ತಗೋ ಮಗ, ಈಸಲನೂ ತುಂಡೆಲ್ಲ ನಿಂಗೇ ಬಿಟ್ಟೋಗವ್ರೆ. ತಿನ್ನು."