ಸವೆಯದ ಜಾರುಬಂಡಿ

ಮಕ್ಕಳಿಗೆಂದು ಸರ್ಕಾರ ಕೊಟ್ಟ ಜಾರುಬಂಡಿಯ ಮೇಲೆ ಎರಡು ವರ್ಷದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ. ಚಿತ್ರಕಲೆಯ ಮೇಷ್ಟ್ರು ವಗ್ದಿಯ ಮದುವೆಗೆ ಕಲ್ಲು ಬಿದ್ದದ್ದು ಅದರಿಂದಲೇ.

ಬಜೆಟ್ಟಿನಲ್ಲಿ ಮಕ್ಕಳ ಪಾಲು ಹೆಚ್ಚಿದ ವರ್ಷ ನೈಲ್ ದಂಡೆಯ ನಮ್ಮ ಕಫರ್ ಸಿದ್ರಾದ ಶಾಲೆಗೂ ಒಂದು ಲಾರಿ ಬಂದಿತ್ತು. ಕೆಂಪು ಜಾರುಬಂಡಿ, ಹಳದಿ ಜೋಕಾಲಿ, ಬಾಲವಿರುವ ತೂಗುಕುದುರೆ, ಡೋಲುಗಳು, ಬುಟ್ಟಿ ತುಂಬ ಗೊಂಬೆಗಳು. ಸಾಮಾನು ಇಳಿಸಿದವನು, "ಯಾರು ಸಹಿ ಹಾಕ್ತೀರಾ?" ಎಂದ ಕೂಡಲೇ ಮೇಷ್ಟ್ರುಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ವಗ್ದಿ ನಿಂತಲ್ಲೇ ನಿಂತಿದ್ದ. ಹಾಗಾಗಿ ಅವನೇ ಮುಂದೆ ಬಂದಂತೆ ಕಂಡಿತು.

ಅಂದಿನಿಂದ ಅದೆಲ್ಲ ಅವನ ಉಹ್ದಾ ಆಯಿತು. ಉಹ್ದಾ ಎಂದರೆ ಇಷ್ಟೇ: ಮಾಲು ಸರ್ಕಾರದ್ದು, ಮುರಿದರೆ ಸಂಬಳ ನಿನ್ನದು. ಹಿಂದೊಮ್ಮೆ ಭೂಗೋಳದ ಮೇಷ್ಟ್ರು ಫಹೀಮ್ ಒಂದು ಗ್ಲೋಬ್ ಬೀಳಿಸಿ, ಇಡೀ ಭೂಮಿಗೆ ತಾನೊಬ್ಬನೇ ದಂಡ ಕಟ್ಟಿದ್ದ. ಅದನ್ನು ಕೇಳಿದ ದಿನವೇ ವಗ್ದಿ ಎಲ್ಲವನ್ನೂ ಪ್ಲಾಸ್ಟಿಕ್ ಸಮೇತ ಸ್ಟೋರ್ ರೂಮಿಗೆ ತಳ್ಳಿ ಬೀಗ ಜಡಿದ. ಮಕ್ಕಳು ಕಿಟಕಿಯ ಸಂದಿಯಿಂದ ಕುದುರೆಯ ಬಾಲ ನೋಡಿ ಹೋಗುತ್ತಿದ್ದರು. "ಮುಟ್ಟಬೇಡಿ!" ಎನ್ನುವುದು ವಗ್ದಿಯ ಬಾಯಲ್ಲಿ ಸಲಾಮಿಗಿಂತ ಹೆಚ್ಚಾಗಿ ಬರುತ್ತಿತ್ತು.

ಈಗ ಅವನಿಗೆ ದಮಿಯೆತ್ತಾ ಪಟ್ಟಣಕ್ಕೆ ವರ್ಗವಾಗಿತ್ತು. ಅಲ್ಲಿ ಬುಸೈನಾ ಇದ್ದಳು. ನಿಶ್ಚಯವಾಗಿ ನಾಲ್ಕು ವರ್ಷವಾಗಿತ್ತು. ಅವಳಪ್ಪ, ಪೀಠೋಪಕರಣದ ವ್ಯಾಪಾರಿ ಹಾಜ್ ಅಬುಲ್ ಮಆತಿಯದು ಒಂದೇ ಮಾತು: "ನನ್ನ ಮಗಳು ದಮಿಯೆತ್ತಾ ಬಿಟ್ಟು ಬರಲ್ಲ. ನೀನೇ ಇಲ್ಲಿಗೆ ಬಾ, ಮದುವೆ ಮಾಡ್ತೀನಿ." ಈ ಗುರುವಾರ ಮದುವೆ. ವರ್ಗದ ಆದೇಶಕ್ಕೆ ಇವತ್ತು ಸಂಜೆಯವರೆಗೆ ಮಾತ್ರ ಜೀವ, ಏಕೆಂದರೆ ಇವತ್ತಿಗೆ ಸರ್ಕಾರದ ಹಣಕಾಸಿನ ವರ್ಷ ಮುಗಿಯುತ್ತದೆ. ಉಹ್ದಾ ಇನ್ನೊಬ್ಬರಿಗೆ ಒಪ್ಪಿಸದೆ ಶಾಲೆ ಬಿಡುವಂತಿಲ್ಲ. ಒಪ್ಪಿಸಿಕೊಳ್ಳುವವರು ಇಡೀ ಶಾಲೆಯಲ್ಲಿ ಒಬ್ಬರೂ ಇಲ್ಲ.

ಬೆಳಗ್ಗೆ ಅವನು ಮುಖ್ಯೋಪಾಧ್ಯಾಯಿನಿ ಅಬ್ಲಾ ಹಿಕ್ಮತ್ ಎದುರು ಹೋಗಿ ಕುಕ್ಕರಿಸಿದ.

"ಅಬ್ಲಾ, ನೀವಾದ್ರೂ ತಗೊಳ್ಳಿ."

"ನನಗೆ ಬಿಪಿ ಇದೆ ಕಣಯ್ಯಾ," ಎಂದರು ಆಕೆ. ಆಮೇಲೆ ಕನ್ನಡಕ ಹಣೆಗೇರಿಸಿ ದನಿ ತಗ್ಗಿಸಿದರು. "ಒಂದು ದಾರಿ ಇದೆ. ಮಧ್ಯಾಹ್ನದ ನಮಾಜ್ ಆದ್ಮೇಲೆ ತಪಾಸಣೆ ಸಮಿತಿ ಬರತ್ತೆ. ಮಕ್ಕಳು ಆಡಿ ಆಡಿ ಸವೆದಿದ್ದನ್ನ ಅವರು ಗುಜರಿ ಅಂತ ಬರೆದು ಲೆಕ್ಕದಿಂದ ತೆಗೀತಾರೆ. ಅದಕ್ಕೆ ದಂಡ ಇಲ್ಲ. ಒಪ್ಪಿಸೋಕೆ ಏನೂ ಉಳಿಯಲ್ಲ, ನೀನು ಹೊರಟೆ!"

"ಆದ್ರೆ ಅದು ಸವೆದೇ ಇಲ್ವಲ್ಲ."

"ಹಾಗಾದ್ರೆ ಇಲ್ಲಿ ಕೂತು ಏನು ಮಾಡ್ತಿದ್ದೀಯ?"

ಎರಡು ವರ್ಷದ ಆಟ ಅರ್ಧ ದಿನದಲ್ಲಿ ಆಗಬೇಕು! ವಗ್ದಿ ಎದ್ದು ಓಡಿದ. ಜವಾನ ಶಲಬಿ ಜೊತೆ ಸೇರಿ ಪ್ಲಾಸ್ಟಿಕ್ ಹರಿದು, ಎಲ್ಲವನ್ನೂ ಅಂಗಳಕ್ಕೆ ಎಳೆದು ತಂದ. ಬೇಸಿಗೆ ರಜೆ, ಶಾಲೆಯಲ್ಲಿ ಒಂದು ಮಗುವೂ ಇಲ್ಲ. ಗೇಟಿನೆದುರು ತಅಮಿಯಾ ವಡೆ ಕರಿಯುವ ಉಮ್ಮ್ ಅಂತರ್‌ಗೆ ವಿಷಯ ಹೇಳಿದ್ದೇ ತಡ, ಆಕೆ ಜಾಲರಿ ಸೌಟನ್ನು ಮೇಲೆತ್ತಿ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಬನ್ರೋ ಮಕ್ಕಳಾ! ಸ್ಟೋರ್ ರೂಮು ತೆಗೆದಿದ್ದಾರೆ! ಮೇಷ್ಟ್ರ ಮದುವೆಗೆ ಸರ್ಕಾರದ ಮಾಲು ಮುರೀಬೇಕಂತೆ!"

"ಮೆಲ್ಲಗೆ ಹೇಳು ತಾಯಿ!" ಎಂದು ವಗ್ದಿ ಕೈಮುಗಿದ. ಅಷ್ಟರಲ್ಲಿ ಸಂದಿಗೊಂದಿಗಳಿಂದ ಮಕ್ಕಳು ಧೂಳೆಬ್ಬಿಸಿಕೊಂಡು ಬಂದೇಬಿಟ್ಟರು.

ಬಂದವರು ಜಾರುಬಂಡಿ ನೋಡಿ ಗಕ್ಕನೆ ನಿಂತರು. ಚಪ್ಪಲಿ ಬಿಟ್ಟರು. ನಲ್ಲಿಯಲ್ಲಿ ಕಾಲು ತೊಳೆದರು. ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತು ಕೈಕಟ್ಟಿದರು. ಮಸೀದಿಯಲ್ಲೂ ಅವರು ಅಷ್ಟು ಶಿಸ್ತಾಗಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

"ಆಡ್ರೋ!" ಎಂದ ವಗ್ದಿ.

ಯಾರೂ ಕದಲಲಿಲ್ಲ. ಮುಂದೆ ನಿಂತಿದ್ದ ಬಸ್ಮಲಾ ಎಂಬ ಪುಟ್ಟ ಹುಡುಗಿ, "ಮುಟ್ಟಬಾರದು ಮೇಷ್ಟ್ರೇ. ಮುಟ್ಟಿದ್ರೆ ನಿಮ್ಮ ಸಂಬಳ ಹೋಗತ್ತೆ," ಎಂದು ಅವನ ಪಾಠವನ್ನೇ ಒಪ್ಪಿಸಿದಳು.

"ಇವತ್ತು ಹೋಗಲ್ಲಮ್ಮ, ಮುಟ್ಟು! ಕುಣಿ! ಎಳೆದಾಡು!"

"ನೀವು ಮೊದಲು ಜಾರಿ ತೋರಿಸಿ," ಎಂದಳು ಬಸ್ಮಲಾ.

ಬೇರೆ ದಾರಿ ಕಾಣದೆ ವಗ್ದಿ ಏಣಿ ಹತ್ತಿದ. ಬಿಸಿಲಿಗೆ ಕಾದಿದ್ದ ಜಾರುಬಂಡಿಯಲ್ಲಿ "ಅಯ್ಯಪ್ಪಾ!" ಎಂದು ಕೂಗುತ್ತ ಸರ್ರನೆ ಇಳಿದು ಮರಳಿನಲ್ಲಿ ಕೂತ. ಪ್ಯಾಂಟು ಹಿಂದೆ ಚರ್ರೆಂದು ಹರಿಯಿತು. ಅಂಗಳದಲ್ಲೆಲ್ಲ ಎದ್ದ ನಗೆಗೆ ಗೋಡೆ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು. ಮಕ್ಕಳು ನುಗ್ಗಿದರು.

ಜಾರಿದರು, ಜೀಕಿದರು, ಡೋಲು ಬಡಿದರು. ಕುದುರೆಯ ಮೇಲೆ ನಾಲ್ವರು ಹತ್ತಿದರು, ಐದನೆಯವನು ಬಾಲ ಹಿಡಿದು ಓಡಿದ. ಕುದುರೆ ಬರಲಿಲ್ಲ, ಬಾಲ ಬಂತು. "ಮೆಲ್ಲಗೆ!" ಎಂದು ವಗ್ದಿ ಎದೆ ಹಿಡಿದುಕೊಂಡ.

"ಮೆಲ್ಲಗೆ ಆಡಿದ್ರೆ ಹೇಗಯ್ಯಾ ಸವೆಯತ್ತೆ?" ಎಂದು ಅಬ್ಲಾ ಹಿಕ್ಮತ್ ಕಿಟಕಿಯಿಂದ ಗದರಿದರು. "ಮದುವೆ ಬೇಕಾ, ಕುದುರೆ ಬಾಲ ಬೇಕಾ?"

ಮಕ್ಕಳ ಹಿಂದೆ ಊರೇ ಬಂತು. ಬಂದವರೆಲ್ಲ ಸವೆಸುವುದರಲ್ಲಿ ಪಂಡಿತರು. ಕ್ಷೌರಿಕ ತನ್ನ ಕತ್ತಿ ಮಸೆಯುವ ಚರ್ಮದ ಪಟ್ಟಿ ತಂದು ಜೋಕಾಲಿಯ ಕಂಬಕ್ಕೆ ಉಜ್ಜಿದ. ಕತ್ತೆಗಾಡಿಯವನು ಮರಳಿನ ಚೀಲಗಳನ್ನು ಜಾರುಬಂಡಿಯಲ್ಲಿ ಒಂದರ ಹಿಂದೊಂದು ಜಾರಿಸಿದ. ಉಮ್ಮ್ ಅಂತರ್ ಎಣ್ಣೆಗೈಯಲ್ಲಿ ಗೊಂಬೆಗಳ ಕೆನ್ನೆ ಸವರಿ, ಡೋಲುಗಳ ಮೇಲೆ ಚಹಾ ಚೆಲ್ಲಿ, ಕೊನೆಗೆ ತಾನೂ ಒಮ್ಮೆ ಜಾರಿದಳು. ಆ ಒಂದು ಜಾರಾಟ ಹತ್ತು ಮಕ್ಕಳ ಒಂದು ವಾರದ ಆಟಕ್ಕೆ ಸಮ ಎಂದು ಶಲಬಿ ಷರಾ ಬರೆದ. ಆಕೆಯ ಅತ್ತೆಯಂತೂ ಜೋಕಾಲಿ ಹತ್ತಿ ಕೂತವಳು, "ನನ್ನ ಕಾಲದಲ್ಲಿ ಸರ್ಕಾರ ಇದನ್ನ ಕೊಡಲಿಲ್ಲ, ಬಾಕಿ ತೀರಿಸ್ಕೋತಿದ್ದೀನಿ," ಎಂದು ಇಳಿಯಲೇ ಇಲ್ಲ.

ಎಲ್ಲ ಸವೆಯಿತು, ಜಾರುಬಂಡಿ ಮಾತ್ರ ಸವೆಯಲಿಲ್ಲ.

"ಏನ್ ಮಾಲು ಕೊಂಡಿದ್ದಾರೋ!" ಎಂದು ಶಲಬಿ ಬೆವರೊರೆಸಿಕೊಂಡ. "ನಮ್ಮ ತರಗತಿಯ ಬೆಂಚು ಆರು ತಿಂಗಳಿಗೆ ಮುರೀತವೆ. ಈ ಒಂದು ಸಲ ಸರ್ಕಾರಕ್ಕೆ ಒಳ್ಳೇ ಬುದ್ಧಿ ಯಾಕೆ ಬಂತು?"

"ನನ್ನ ಹಣೆಬರಹ, ಶಲಬಿ ಮಾಮ," ಎಂದ ವಗ್ದಿ. ಇಬ್ಬರೂ ಉಪ್ಪುಕಾಗದ ಹಿಡಿದು ಉಜ್ಜತೊಡಗಿದರು.

ಆಗ ಫೋನು ಬಡಿದುಕೊಂಡಿತು. ಹಾಜ್ ಅಬುಲ್ ಮಆತಿ.

"ಏನಪ್ಪಾ, ಬಿಡುಗಡೆ ಆಯ್ತಾ? ಇಲ್ಲಿ ಶಾಮಿಯಾನದವನು ಮುಂಗಡ ಕೇಳ್ತಿದ್ದಾನೆ."

"ಸಂಜೆಯೊಳಗೆ ಆಗತ್ತೆ ಮಾವ. ಉಜ್ತಾ ಇದ್ದೀವಿ."

"ಏನನ್ನ ಉಜ್ತಿದ್ದೀರಿ?"

"ಆಮೇಲೆ ಹೇಳ್ತೀನಿ ಮಾವ."

ಅವನು ಫೋನು ಇಡುತ್ತಿದ್ದಂತೆ ಬಸ್ಮಲಾ ಬಂದು ಅಂಗಿಯ ತುದಿ ಜಗ್ಗಿದಳು. ಮುಖವೆಲ್ಲ ಧೂಳು, ಕಣ್ಣು ಫಳಫಳ. "ಮೇಷ್ಟ್ರೇ, ಇದು ನಾಳೇನೂ ಇರತ್ತಾ?"

ಎರಡು ವರ್ಷ ಈ ಮಗು ಕಿಟಕಿಯಲ್ಲಿ ನಿಂತದ್ದು ನೆನಪಾಗಿ ವಗ್ದಿಗೆ ನಿಜಕ್ಕೂ ನಾಚಿಕೆಯಾಯಿತು. "ಇವತ್ತು ಚೆನ್ನಾಗಿ ಆಡ್ಕೊ ಪುಟ್ಟಾ," ಎಂದು ತಲೆ ಸವರಿ, ಉಪ್ಪುಕಾಗದವನ್ನು ಜೇಬಿಗೆ ತುರುಕಿದ. ಸಮಿತಿಯ ಕಾರು ಗೇಟಿಗೆ ಬಂದಿತ್ತು.

ಕಾರಿನಿಂದ ಇಳಿದವರು ಸಮಿತಿಯ ಮುಖ್ಯಸ್ಥ ಉಸ್ತಾಜ್ ರಫ್ಅತ್. ತೆಳ್ಳಗಿನ, ಗಂಟುಮೋರೆಯ ಮನುಷ್ಯ. ಕೈಯಲ್ಲಿ ಹಸಿರು ಬಟ್ಟೆಯ ಚೀಲ. ಅದರಲ್ಲಿ ಸರ್ಕಾರದ ಹದ್ದಿನ ಮೊಹರು. ಆ ಮೊಹರು ಬೀಳದೆ ಈ ದೇಶದಲ್ಲಿ ಸತ್ತವನೂ ಸತ್ತಂತಲ್ಲ.

ಅಂಗಳದ ನಡುವೆ ನಿಂತು ಅವರು ಸುತ್ತ ನೋಡಿದರು. ಬಾಲವಿಲ್ಲದ ಕುದುರೆ, ಬಣ್ಣ ಹೋದ ಜೋಕಾಲಿ, ಕಲೆಗಟ್ಟಿದ ಡೋಲುಗಳು, ಗೀರುಗೀರಾದ ಜಾರುಬಂಡಿ, ಅದರ ಮೇಲೆ ಇನ್ನೂ ಕಿರುಚುತ್ತ ಇಳಿಯುತ್ತಿರುವ ಮಕ್ಕಳು.

"ಇದು ಯಾವಾಗಿನಿಂದ ಹೀಗೆ?" ಎಂದು ಕೇಳಿದರು.

"ಮಕ್ಕಳು ಆಡಿ ಆಡಿ, ಸಾರ್..." ಎಂದು ವಗ್ದಿ ಉಪ್ಪುಕಾಗದವಿದ್ದ ಜೇಬಿಗೆ ಕೈ ಅಡ್ಡ ಹಿಡಿದ.

ರಫ್ಅತ್ ಬಗ್ಗಿ ಬಸ್ಮಲಾಳನ್ನು ಕೇಳಿದರು, "ನೀನು ದಿನಾ ಆಡ್ತೀಯೇನಮ್ಮ?"

"ಬೆಳಗ್ಗೆಯಿಂದ ಆಡ್ತಿದ್ದೀನಿ!" ಎಂದಳು ಬಸ್ಮಲಾ ಹೆಮ್ಮೆಯಿಂದ.

"ದಿನಾ ಬೆಳಗ್ಗೆಯಿಂದ ಶುರು ಮಾಡ್ತಾರೆ ಸಾರ್, ಶಾಲೆ ಇದ್ದಾಗ ನಮಗೆ ಪಾಠ ಮಾಡೋಕೇ ಬಿಡಲ್ಲ," ಎಂದು ಅಬ್ಲಾ ಹಿಕ್ಮತ್ ನಡುವೆ ಬಾಯಿ ಹಾಕಿದರು.

ರಫ್ಅತ್ ಜಾರುಬಂಡಿಯ ಗೀರುಗಳ ಮೇಲೆ ಬೆರಳಾಡಿಸಿದರು. ಗಂಟುಮೋರೆ ಸಡಿಲವಾಯಿತು. ಕರವಸ್ತ್ರ ತೆಗೆದು ಕಣ್ಣೊತ್ತಿಕೊಂಡರು ಕೂಡ.

"ಎಲ್ಲಾ ಗುಜರಿ," ಎಂದರು. "ಲೆಕ್ಕದಿಂದ ತೆಗೀರಿ."

ವಗ್ದಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಉಮ್ಮ್ ಅಂತರ್ ಬಾಯಿಗೆ ಕೈಯಿಟ್ಟು ಮದುವೆಯ ಉಲ್ಲಾಸದ ಕೇಕೆ ಹಾಕಿದಳು. ಬೀದಿಯ ಹೆಂಗಸರೆಲ್ಲ ದನಿಗೂಡಿಸಿದರು, ಡೋಲುಗಳು ಮದುವೆಯ ತಾಳ ಹಿಡಿದವು. ಅಬ್ಲಾ ಹಿಕ್ಮತ್ ಅಲ್ಲೇ ಶಲಬಿಯ ಬೆನ್ನ ಮೇಲಿಟ್ಟು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, "ಮೊಹರು ಒಂದು ಹಾಕಿಬಿಡಿ ಸಾರ್, ಹುಡುಗನ ಮದುವೆ ಇದೆ," ಎಂದು ಚಾಚಿದರು. ರಫ್ಅತ್ ಚೀಲದಿಂದ ಮೊಹರು ತೆಗೆದರು, ಬಾಯಿಂದ ಹಾ ಎಂದು ಉಸಿರೂದಿದರು, ಮೇಲೆತ್ತಿದರು.

ಎತ್ತಿದ ಕೈ ಅಲ್ಲೇ ನಿಂತಿತು.

"ಉಹ್ದಾ ಯಾರ ಹೆಸರಲ್ಲಿತ್ತು?"

"ನನ್ನದೇ ಸಾರ್!" ಎಂದ ವಗ್ದಿ ಉತ್ಸಾಹದಲ್ಲಿ.

"ನೀನಾ! ಕೇಳಪ್ಪಾ, ಬೆಳಗ್ಗೆಯಿಂದ ಶಾಲೆ ಶಾಲೆ ಸುತ್ತಿ ಬಂದೆ. ಒಂದು ಕಡೇನೂ ಪ್ಲಾಸ್ಟಿಕ್ ಬಿಚ್ಚಿಲ್ಲ! ಸಹಿ ಹಾಕಿದವರೆಲ್ಲ ಹೆದರಿ ಬೀಗ ಹಾಕಿಟ್ಟಿದ್ದಾರೆ. ಮಕ್ಕಳ ಪಾಲಿನ ದುಡ್ಡು ಮಕ್ಕಳಿಗೆ ಮುಟ್ಟಿದೆ ಅಂತ ನಾನು ಇವತ್ತು ಸಂಜೆಯೊಳಗೆ ಮೇಲಿನವರಿಗೆ ತೋರಿಸಬೇಕು. ಇಲ್ದಿದ್ರೆ ಮುಂದಿನ ಬಜೆಟ್ಟಲ್ಲಿ ಆ ಪಾಲೇ ಹೋಗತ್ತೆ. ಎಲ್ಲಿ ಆಡ್ತಾರೋ ಅಲ್ಲಿಗೇ ಕೊಡಿ ಅಂತ ಆದೇಶ ಆಗಿದೆ. ಎಲ್ಲಾ ಶಾಲೆಯಿಂದ ಕಿತ್ತು ತಂದಿದ್ದೀನಿ."

ಅವರು ಗೇಟಿನ ಕಡೆ ಕೈ ಬೀಸಿದರು. ಹಾರ್ನು ಹೊಡೆಯುತ್ತ ಒಂದು ಲಾರಿ ಬೀದಿಗೆ ತಿರುಗಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಕಣ್ಣು ಹಾಯುವವರೆಗೂ ಲಾರಿಗಳು. ಒಂದೊಂದರ ಮೇಲೂ ಪ್ಲಾಸ್ಟಿಕ್ ಸುತ್ತಿದ ಕೆಂಪು ಜಾರುಬಂಡಿಗಳು ಬಿಸಿಲಿಗೆ ಥಳಥಳಿಸುತ್ತಿದ್ದವು.

"ಮೂವತ್ತು ಶಾಲೆಯದು," ಎಂದರು ರಫ್ಅತ್. "ಯಾರು ಸಹಿ ಹಾಕ್ತೀರಾ?"

ವಗ್ದಿ ತಿರುಗಿ ನೋಡಿದ. ಶಲಬಿ ಇರಲಿಲ್ಲ. ಅಬ್ಲಾ ಹಿಕ್ಮತ್ ಬಿಪಿ ಮಾತ್ರೆ ಹುಡುಕುತ್ತ ಒಳಗೆ ನಡೆದಿದ್ದರು.

"ಸಾರ್, ನನಗೆ ದಮಿಯೆತ್ತಾಕ್ಕೆ ವರ್ಗ ಆಗಿದೆ..."

"ಮಕ್ಕಳನ್ನ ಇಷ್ಟು ಆಡಿಸೋ ಒಬ್ಬನೇ ಒಬ್ಬ ಮೇಷ್ಟ್ರು ಸಿಕ್ಕಿದ್ದೀಯ, ನಿನ್ನ ಬಿಟ್ಟುಕೊಡ್ತೀನಾ? ವರ್ಗ ರದ್ದು ಮಾಡಿಸೋ ಜವಾಬ್ದಾರಿ ನಂದು. ನೀನೇನೂ ಚಿಂತೆ ಮಾಡಬೇಡ!" ಎಂದು ಅವರು ಬಿಡುಗಡೆ ಪತ್ರವನ್ನು ಅಕ್ಕರೆಯಿಂದ ಹರಿದು, ಹದ್ದಿನ ಮೊಹರನ್ನು ವಗ್ದಿಯ ಹೆಸರಿನ ಹೊಸ ಉಹ್ದಾದ ಕಾಗದದ ಮೇಲೆ ಧಡ್ ಎಂದು ಒತ್ತಿದರು.

ಮತ್ತೆ ಫೋನು. "ಆಯ್ತೇನಪ್ಪಾ?" ಎಂದರು ಹಾಜ್.

ವಗ್ದಿ ಅಳು ನುಂಗಿ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ಬೈಗುಳ ಶುರುವಾಗುವ ಮೊದಲೇ ಅವನ ತಲೆಯಲ್ಲಿ ಏನೋ ಹೊಳೆಯಿತು. "ಮಾವ, ತಾಳಿ! ಇವತ್ತು ಅರ್ಧ ದಿನಕ್ಕೆ ಒಂದು ಶಾಲೆಯದನ್ನ ಸವೆಸಿದ್ದೀವಿ. ಊರೆಲ್ಲ ಕೈ ಹಾಕಿದ್ರೆ ಒಂದೇ ತಿಂಗಳು! ಮುಂದಿನ ತಿಂಗಳ ಕೊನೇ ಗುರುವಾರ ಇಟ್ಕೊಳ್ಳಿ. ಇನ್ನೊಂದು ವರ್ಗ ಮಾಡಿಸ್ಕೊಂಡು ಓಡಿ ಬರ್ತೀನಿ. ಬುಸೈನಾಗೆ ಹೇಳಿ!"

"ಒಂದೇ ತಿಂಗಳು. ಅದಾದ್ಮೇಲೆ ನನ್ನ ಮುಂದೆ ಬರಬೇಡ," ಎಂದರು ಹಾಜ್.

"ಒಂದೇ ತಿಂಗಳು ಮಾವ! ಎಲ್ಲಾ ಪುಡಿ ಮಾಡ್ತೀವಿ!" ಎಂದು ವಗ್ದಿ ಕುಣಿದಾಡಿದ.

ಪಕ್ಕದಲ್ಲೇ ನಿಂತಿದ್ದ ರಫ್ಅತ್ ಕೊನೆಯ ಮಾತಷ್ಟೇ ಕೇಳಿಸಿಕೊಂಡು ಅವನ ಬೆನ್ನು ತಟ್ಟಿದರು.

"ಶಹಬ್ಬಾಸ್! ಅದೇ ಬೇಕಾಗಿರೋದು. ಬೇಗ ಸವೆಸು. ಎಷ್ಟು ಬೇಗ ಸವೆಸ್ತೀಯೋ ಅಷ್ಟು ಬೇಗ ಹೊಸದು ಬರತ್ತೆ. ಚೆನ್ನಾಗಿ ಬಳಸಿದ ಶಾಲೆಗೆ ಹೊಸ ಬಜೆಟ್ಟಲ್ಲಿ ಎರಡರಷ್ಟು ಅಂತ ನಾಳೆಯಿಂದಲೇ ಲೆಕ್ಕ!"

ಎರಡರಷ್ಟು ಎಂಬುದು ಬಸ್ಮಲಾಳ ಕಿವಿಗೆ ಬಿತ್ತು. ಅವಳಿಂದ ಜಾರುಬಂಡಿಯ ಮೇಲಿದ್ದವರಿಗೆ, ಅವರಿಂದ ಲಾರಿಗಳ ಸುತ್ತ ಕುಣಿಯುತ್ತಿದ್ದವರಿಗೆ ಹಬ್ಬಿ ಇಡೀ ಅಂಗಳ ಕೇಕೆ ಹಾಕಿ ನಗತೊಡಗಿತು. ವಗ್ದಿ ಫೋನು ಕಿವಿಗೆ ಹಿಡಿದೇ ಮರಳಿನ ಮೇಲೆ ಕುಸಿದು ಕೂತ.

"ಏನಯ್ಯಾ ಅದು?" ಎಂದು ಆ ಕಡೆಯಿಂದ ಹಾಜ್ ಗುಡುಗಿದರು. "ನನ್ನ ಮಗಳ ಮದುವೆ ನಿಂತುಹೋಗಿದೆ, ನಿನಗೆ ನಗು ಬರ್ತಾ ಇದೆಯಾ?"

"ನಾನಲ್ಲ ಮಾವ," ಎಂದ ವಗ್ದಿ. "ಮಕ್ಕಳು."