ದೊಡ್ಡಮ್ಮ ಮೆಚ್ಚಿದ ಮುದಿ ಕ್ವಾರ್ಟರ್‌ಬ್ಯಾಕ್

ಅರವತ್ತಾರನೆಯ ವಯಸ್ಸಿನಲ್ಲಿ ನಮ್ಮ ದೊಡ್ಡಮ್ಮ ಒಬ್ಬ ಗಂಡಸಿಗೆ ಮನಸೋತಿದ್ದರು. ಈ ವಿಷಯ ಫ್ರೀಮಾಂಟಿನ ನಮ್ಮ ಮನೆಗೆ, ಅರಸೀಕೆರೆಯಲ್ಲಿರುವ ನಮ್ಮಮ್ಮನಿಗೆ, ದೊಡ್ಡಮ್ಮ ನರ್ಸಾಗಿದ್ದ ಓಕ್ಲ್ಯಾಂಡಿನ ಆಸ್ಪತ್ರೆಯ ಮೂರನೇ ಮಹಡಿಗೆ, ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಆ ಗಂಡಸೊಬ್ಬನೇ.

ಅವನೊಬ್ಬ ಕ್ವಾರ್ಟರ್‌ಬ್ಯಾಕ್. ಇಲ್ಲಿಯ ಫುಟ್‌ಬಾಲು ನಾವು ಶಾಲೆಯಲ್ಲಿ ಆಡಿದ ಫುಟ್‌ಬಾಲಲ್ಲ. ಕಾಲಿನ ಹೆಸರಿಟ್ಟುಕೊಂಡು ಕೈಯಲ್ಲಿ ಆಡುವ ಆಟ. ಅದರಲ್ಲಿ ಈ ಕ್ವಾರ್ಟರ್‌ಬ್ಯಾಕ್ ಎಂಬವನು ತನ್ನವರ ಹಿಂದೆ ನಿಂತು, ಎದುರಿನಿಂದ ಬೀರುವಿನಂಥ ನಾಲ್ಕೈದು ಜನ ಬಂದು ಮೈಮೇಲೆ ಬೀಳುವುದರೊಳಗೆ, ದೂರ ಓಡುತ್ತಿರುವ ಜೊತೆಗಾರನಿಗೆ ಚೆಂಡು ಎಸೆಯಬೇಕು. ಎಸೆದರೂ ಎಸೆಯದಿದ್ದರೂ ಅವರು ಬಂದು ಬೀಳುತ್ತಾರೆ. ಮೂವತ್ತೈದಕ್ಕೆಲ್ಲ ಮೂಳೆ ಲೆಕ್ಕ ಹಾಕಿಕೊಂಡು ಮನೆಗೆ ಹೋಗುವ ಕೆಲಸ. ಇವನು ನಲವತ್ತು ದಾಟಿದ್ದ, ಹೋಗಿರಲಿಲ್ಲ. ಗಡ್ಡ ಬೆಳ್ಳಗಾಗಿತ್ತು. ಅವನ ತಂಡದಲ್ಲಿ ಕೆಲವರು ಅವನು ಆಟ ಶುರು ಮಾಡಿದಾಗ ಡಯಾಪರಿನಲ್ಲಿದ್ದರು. ದೊಡ್ಡಮ್ಮ ಮಾತ್ರ ಅವನನ್ನು ‘ನಮ್ಮುಡುಗ’ ಎಂದೇ ಕರೆಯುತ್ತಿದ್ದರು.

ಹಾಸನದ ಸೀಮೆಯ ಹೆಂಗಸಿಗೆ ಈ ಆಟ ಕಲಿಸಿದವರು ಯಾರು? ಅವರ ವಾರ್ಡಿನಲ್ಲಿ ಸೊಂಟದ ಆಪರೇಷನ್ನಾಗಿ ಮಲಗಿದ್ದ ಒಬ್ಬ ಮುದುಕ. ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು, ಮಹಾ ಹಟಮಾರಿ, ಹಾಸಿಗೆ ಬಿಟ್ಟು ಏಳಲೊಲ್ಲ. ದೊಡ್ಡಮ್ಮ ಒಪ್ಪಂದ ಮಾಡಿಕೊಂಡರಂತೆ: ಅವನು ಹತ್ತು ಹೆಜ್ಜೆ ನಡೆದರೆ, ಟೀವಿಯಲ್ಲಿ ಬರುತ್ತಿರುವ ಆಟದ ಒಂದು ನಿಯಮವನ್ನು ಇವರು ಕೂತು ಕೇಳಬೇಕು. ಮುದುಕ ಡಿಸ್ಚಾರ್ಜಾಗುವ ಹೊತ್ತಿಗೆ ಕಾರಿಡಾರಿನ ಆ ತುದಿ ಮುಟ್ಟಿ ಬರುತ್ತಿದ್ದ. ದೊಡ್ಡಮ್ಮ ಪೂರ್ತಿ ಹಾಳಾಗಿದ್ದರು.

ಅವರು ಆಟ ನೋಡುವ ರೀತಿಯೇ ಬೇರೆ. ಯಾರು ಗೆದ್ದರೆಂದು ಕೇಳಿದರೆ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. “ಬಲಗಾಲು ಪೂರ್ತಿ ಊರ್ತಿಲ್ಲ ನೋಡು. ಹಿಮ್ಮಡೀಲಿ ಏನೋ ಇದೆ” ಎನ್ನುವರು. ಮಾರನೆಯ ದಿನ ಪೇಪರಿನಲ್ಲಿ ಹಿಮ್ಮಡಿಯ ಸುದ್ದಿ ಬರುತ್ತಿತ್ತು. ಅವನು ಎಸೆಯುವುದನ್ನು ಜಗತ್ತು ನೋಡಿದರೆ ಇವರು ಅವನು ಬಿದ್ದು ಏಳುವುದನ್ನು ನೋಡುತ್ತಿದ್ದರು. “ಮೊದ್ಲು ಮಗ್ಗುಲಾಗ್ತಾನೆ. ಆಮೇಲೆ ಒಂದು ಮಂಡಿ. ಆಮೇಲೆ ಕೈ. ನಾನು ಪೇಷೆಂಟುಗಳಿಗೆ ಹೇಳಿ ಹೇಳಿ ಸಾಕಾಯ್ತು, ಇವನಿಗೆ ಯಾರೂ ಹೇಳ್ಕೊಡದೇನೇ ಬಂದಿದೆ.”

ಒಂದು ಭಾನುವಾರ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು. ಆಟ ಬೆಳಗ್ಗೆ ಹತ್ತಕ್ಕೆ, ಪೂಜೆಯೂ ಹತ್ತಕ್ಕೆ. ದೊಡ್ಡಮ್ಮ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತರು. ಇಷ್ಟು ಭಕ್ತಿ ಎಲ್ಲಿಂದ ಬಂತೆಂದು ನಾನು ಸಂತೋಷಪಟ್ಟೆ. ಭಟ್ಟರು ಕಥೆ ಹೇಳುತ್ತಿದ್ದಾರೆ, ಎಲ್ಲರೂ ಕೈಯಲ್ಲಿ ಅಕ್ಷತೆ ಹಿಡಿದು ತೂಕಡಿಸುತ್ತಿದ್ದೇವೆ, ಇದ್ದಕ್ಕಿದ್ದಂತೆ ದೊಡ್ಡಮ್ಮ ಎದೆ ಹಿಡಿದುಕೊಂಡು “ಅಯ್ಯೋ, ಹೋಯ್ತು, ಮುಳುಗ್ದ” ಎಂದರು.

ಭಟ್ಟರು ಕನ್ನಡಕದ ಮೇಲಿನಿಂದ ನೋಡಿದರು. “ಹಡಗು ಇನ್ನೂ ಮುಳುಗಿಲ್ಲಮ್ಮ. ಅದು ಮುಂದಿನ ಅಧ್ಯಾಯ.”

ಸೆರಗಿನೊಳಗಿನ ಫೋನು ಆಗ ಕೆಳಗೆ ಬಿತ್ತು.

ಇಷ್ಟರವರೆಗೆ ಹೇಳಿದ್ದನ್ನು ನಾನು ಎಲ್ಲರ ಮನೆಯಲ್ಲೂ ಹೇಳಿ ನಗಿಸಿದ್ದೇನೆ. ಮುಂದಿನದನ್ನು ಎಲ್ಲೂ ಹೇಳಿಲ್ಲ.

ದೊಡ್ಡಮ್ಮನಿಗೆ ಮಕ್ಕಳಿಲ್ಲ. ದೊಡ್ಡಪ್ಪ ಬೇಗ ಹೋದರು. ನಾನು ಬರ್ಕ್ಲಿಯಲ್ಲಿ ಓದುವಾಗ ಎರಡು ವರ್ಷ ಅವರ ಅಪಾರ್ಟ್‌ಮೆಂಟಿನಲ್ಲೇ ಇದ್ದೆ. ನನ್ನ ಬಟ್ಟೆ ಒಗೆದು, ಡಬ್ಬಿ ಕಟ್ಟಿ, ಆಮೇಲೆ ಡ್ಯೂಟಿಗೆ ಹೋಗುತ್ತಿದ್ದರು. ನಂತರ ನನಗೆ ಮೆನ್ಲೋ ಪಾರ್ಕಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಡೇಕೇರಿಗೆ ಹಾಕಿದೆವು. ಅಲ್ಲಿ ಅವಳಿಗೆ ಕಲಿಸಿದ್ದು ಹಾಡು, ಅಂಟಿಸಿ ಕಳಿಸಿದ್ದು ಜ್ವರ. ವಾರಕ್ಕೊಮ್ಮೆ ಮೀಟಿಂಗಿನ ನಡುವೆ ಫೋನು ಬರುತ್ತಿತ್ತು, ಬಂದು ಕರೆದುಕೊಂಡು ಹೋಗಿ ಎಂದು. ಆಗ ನಮ್ಮೆಲ್ಲರಿಗೂ ಒಮ್ಮೆಲೇ ದೊಡ್ಡಮ್ಮನ ಆರೋಗ್ಯದ ಚಿಂತೆ ಶುರುವಾಯಿತು. ಎಂಥ ಕರುಳು ನಮ್ಮದು, ನೋಡಿ.

ನನ್ನ ಗಂಡ ಸುತ್ತುಬಳಸಿ ಶುರು ಮಾಡಿದರು. ಆಟ ನೋಡುತ್ತ, “ನಿಮ್ಮ ಹುಡುಗನಿಗೆ ವಯಸ್ಸಾಯ್ತು ದೊಡ್ಡಮ್ಮ. ಗೌರವವಾಗಿ ಬಿಟ್ಬಿಡಬೇಕು, ಅಲ್ವಾ?” ಎಂದರು.

“ಯಾರ ಗೌರವಕ್ಕೆ ಅಳಿಯಂದಿರೇ? ಅವನದಕ್ಕೋ, ನೋಡೋರದಕ್ಕೋ?”

ಆ ದಿನ ಅಳಿಯಂದಿರಿಗೆ ಕಾಫಿ ಅರ್ಧ ಲೋಟ ಮಾತ್ರ ಸಿಕ್ಕಿತು.

ಆಮೇಲೆ ನಾನು ನೇರವಾಗಿಯೇ ಕೇಳಿದೆ. “ಇಷ್ಟು ವರ್ಷ ದುಡಿದಿದೀರ. ಇನ್ನಾದ್ರೂ ರೆಸ್ಟ್ ತಗೊಳ್ಳಿ. ನಮ್ಮನೇಲೇ ಇರಿ, ಪುಟ್ಟಿ ಜೊತೆ ಟೈಮ್ ಹೋಗತ್ತೆ.”

ದೊಡ್ಡಮ್ಮ ಬೀನ್ಸ್ ನಾರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ. “ನಿಂಗೆ ಬೇಕಿರೋದು ನನ್ನ ರೆಸ್ಟೋ, ಮಗು ನೋಡ್ಕೊಳ್ಳೋಳೋ? ಸರಿಯಾಗಿ ಕೇಳು, ಸರಿಯಾಗಿ ಹೇಳ್ತೀನಿ.”

ನಾನು ಸರಿಯಾಗಿ ಕೇಳಲಿಲ್ಲ. ಮುನಿಸಿಕೊಂಡು ಕಾರು ಹತ್ತಿದೆ.

ಎರಡು ವಾರ ಕಳೆದಿರಬೇಕು. ದೊಡ್ಡಮ್ಮ ಡ್ಯೂಟಿಯಲ್ಲಿರುವಾಗಲೇ ಕಾರಿಡಾರಿನಲ್ಲಿ ತಲೆಸುತ್ತಿ ಬಿದ್ದರು. ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಮಲಗಿಸಿ ನನಗೆ ಫೋನು ಮಾಡಿದರು. ನಾನು ಸೇತುವೆ ದಾಟಿ, ಫ್ರೀವೇಯಲ್ಲಿ ಅಳುತ್ತ ಹೋದೆ. ಆ ಅಳು ನಿಜವಾದದ್ದೇ. ಅಷ್ಟನ್ನು ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ಹೋಗಿ ನೋಡಿದರೆ ಏನೂ ಇಲ್ಲ, ಊಟ ಬಿಟ್ಟು ಓಡಾಡಿದ್ದರಿಂದ ಆದದ್ದು. ಹಾಸಿಗೆಯಲ್ಲಿ ಕೂತು, ತಮಗೆ ಡ್ರಿಪ್ಪು ಹಾಕಿದ ಹುಡುಗಿಗೆ ಟೇಪು ಸರಿಯಾಗಿ ಹಚ್ಚುವುದನ್ನು ಕಲಿಸುತ್ತಿದ್ದರು.

ಹೊರಗೆ ಅವರ ವಾರ್ಡಿನ ಮ್ಯಾನೇಜರು ಕಾದಿದ್ದಳು. ನನ್ನದೇ ವಯಸ್ಸು, ಮೆದು ಮಾತು. “ಮನೆಯಲ್ಲಿ ಹೇಗಿದ್ದಾರೆ? ಸುಸ್ತು, ಮರೆವು, ಅಂಥದ್ದೇನಾದರೂ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹಾಗೆ ಕೇಳುವುದು ಸರಿಯಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ನಾನು ಹೇಳಿದ್ದು, “ಇತ್ತೀಚೆಗೆ ಸ್ವಲ್ಪ ಮರೆವು ಜಾಸ್ತಿ.” ಹುಳಿಗೆ ಎರಡು ಸಲ ಉಪ್ಪು ಹಾಕಿದ್ದರು, ಅದನ್ನು ಹೇಳಿದೆ. ಫೋನಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ, ಅದನ್ನೂ ಹೇಳಿದೆ. ಹುಳಿಗೆ ಎರಡು ಸಲ ಉಪ್ಪು ಹಾಕದ ಹೆಂಗಸು ಯಾವ ಊರಲ್ಲಿದ್ದಾಳೆ? ಹೇಳುವಾಗ ನನ್ನ ತಲೆಯಲ್ಲಿ ಇದ್ದದ್ದು ಡೇಕೇರು.

ದೊಡ್ಡಮ್ಮನನ್ನು ವಾರ್ಡಿನಿಂದ ತೆಗೆದು ಕೆಳಗಿನ ಮಹಡಿಯ ಒಂದು ಡೆಸ್ಕಿಗೆ ಹಾಕಿದರು. ಮನೆಗೆ ಹೋದ ರೋಗಿಗಳಿಗೆ ಫೋನು ಮಾಡಿ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುವ ಕೆಲಸ. ಎದುರಿಗೆ ಬರೆದಿಟ್ಟ ಏಳು ಪ್ರಶ್ನೆ. ದೊಡ್ಡಮ್ಮ ಒಂದನ್ನೂ ಕೇಳದೆ, “ಎಲ್ಲಿ, ಒಂದ್ಸಲ ಕೆಮ್ಮಿ” ಎನ್ನುತ್ತಿದ್ದರಂತೆ. ಕೆಮ್ಮು ಇಷ್ಟವಾಗದಿದ್ದರೆ ಹೊರಟು ಬನ್ನಿ ಎಂದು ಹೇಳಿಬಿಡುತ್ತಿದ್ದರು. ಇಬ್ಬರು ಬಂದೂ ಬಂದರು. ಒಬ್ಬಳಿಗೆ ನ್ಯೂಮೋನಿಯಾ ಇತ್ತು. ಇನ್ನೊಬ್ಬನಿಗೆ ಏನೂ ಇರಲಿಲ್ಲ, ಅವನು ದೂರು ಕೊಟ್ಟ.

ಎರಡನೇ ತಿಂಗಳಲ್ಲಿ ದೊಡ್ಡಮ್ಮ ರಾಜೀನಾಮೆ ಬರೆದುಕೊಟ್ಟರು. ಕೇಕು ಕತ್ತರಿಸಿದರು. ಗಾಜಿನ ಫಲಕವೊಂದನ್ನು ಕೊಟ್ಟರು. ಮೂವತ್ತೊಂದು ವರ್ಷ ಎದೆಯ ಮೇಲೆ ಚುಚ್ಚಿಕೊಂಡು ಓಡಾಡಿದ ಹೆಸರು ಅದರಲ್ಲಿ ತಪ್ಪಾಗಿತ್ತು.

ನಮಗೆ ಬೇಕಾದದ್ದು ಸಿಕ್ಕಿತು. ದೊಡ್ಡಮ್ಮ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಬರುತ್ತಿದ್ದರು, ಬ್ಯಾಗು ಗೋಡೆಗೆ ತಗುಲಿಹಾಕಿ ಕೈ ತೊಳೆಯುತ್ತಿದ್ದರು. ಫ್ರಿಜ್ಜಿನ ಮೇಲೆ ಒಂದು ಚಾರ್ಟು ಬಂತು. ಸಂಜೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಬ್ಯಾಗು ಹೆಗಲಿಗೇರಿರುತ್ತಿತ್ತು. ನಿಂತೇ ವರದಿ ಒಪ್ಪಿಸುತ್ತಿದ್ದರು: “ಹಾಲು ಎರಡು ಸಲ. ಅನ್ನ ಮುಕ್ಕಾಲು ಬಟ್ಟಲು. ಒಂದೂವರೆ ಗಂಟೆ ನಿದ್ದೆ. ಜ್ವರ ಇಲ್ಲ. ನಾಳೆ ಎಂಟಕ್ಕೆ.” ಕೂತು ಕಾಫಿ ಕುಡಿಯಿರಿ ಎಂದರೆ, “ಶಿಫ್ಟು ಮುಗೀತು” ಎನ್ನುತ್ತಿದ್ದರು. ಪುಟ್ಟಿಗೆ ಒಂದು ದಿನವೂ ಜ್ವರ ಬರಲಿಲ್ಲ. ಅವಳ ಮೈ ತುಂಬಿಕೊಂಡಿತು, ಬಾಯಲ್ಲಿ ಕನ್ನಡ ಬಂತು. ಭಾನುವಾರ ಮಾತ್ರ ದೊಡ್ಡಮ್ಮ ಬರುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಆ ಕ್ವಾರ್ಟರ್‌ಬ್ಯಾಕಿನ ಹೆಗಲಿನ ಕೀಲು ಜಾರಿತು. ಟೀವಿಯವರು ಅವನ ಹಳೆಯ ಆಟಗಳನ್ನೆಲ್ಲ ತೋರಿಸಿ, ಸತ್ತವರ ಬಗ್ಗೆ ಮಾತಾಡುವ ದನಿಯಲ್ಲಿ ಮಾತಾಡಿದರು. ಅವನ ಜಾಗಕ್ಕೆ ಇಪ್ಪತ್ತಮೂರರ ಹುಡುಗ ಬಂದ. ಡಿಸೆಂಬರಿನಲ್ಲಿ ಆ ಹುಡುಗನೇ ಕಾಲು ಮುರಿದುಕೊಂಡ, ಮುದುಕನನ್ನು ಮತ್ತೆ ಕರೆದರು. ನಾನು ಫೋನು ಮಾಡಿ, “ಬನ್ನಿ ದೊಡ್ಡಮ್ಮ, ಒಟ್ಟಿಗೆ ನೋಡೋಣ” ಎಂದೆ. ಬರಲಾರರು ಎಂದುಕೊಂಡಿದ್ದೆ. ಬಂದರು.

ಅವನು ಕೆಟ್ಟದಾಗಿ ಆಡಿದ. ಎಸೆದದ್ದೆಲ್ಲ ನೆಲಕ್ಕೆ ಬೀಳುತ್ತಿತ್ತು. ಸ್ವಂತ ಊರಿನ ಜನವೇ ಕೂಗಿ ಅವಮಾನ ಮಾಡಿದರು. ನನ್ನ ಗಂಡ ನೋಡಲಾರದೆ ಬಟ್ಟೆ ಮಡಿಸುವ ನೆಪದಲ್ಲಿ ಮಹಡಿಗೆ ಹೋದರು. ತಂಡ ಸೋತಿತು. ಅವನು ಹೆಲ್ಮೆಟ್ಟು ತೆಗೆದು, ಎದುರು ತಂಡದ ಒಬ್ಬೊಬ್ಬರಿಗೂ ಕೈ ಕುಲುಕಿ ಒಳಗೆ ಹೋದ. ನಾನು ಟೀವಿ ಆರಿಸಿದೆ. ದೊಡ್ಡಮ್ಮನ ಪಕ್ಕ ಕೂತು, ಆ ದಿನ ಮ್ಯಾನೇಜರಿಗೆ ನಾನು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಉಪ್ಪಿನ ವಿಷಯವನ್ನೂ ಬಿಡಲಿಲ್ಲ.

“ಗೊತ್ತು ಕಣೇ” ಎಂದರು ದೊಡ್ಡಮ್ಮ. “ಅವಳೇ ಹೇಳಿದ್ಲು, ನಿಮ್ಮ ಮನೆಯವರಿಗೂ ಆತಂಕ ಇದೆ ಅಂತ. ನಂಗೆ ಇಲ್ಲಿ ಮನೆಯವರು ಅಂತ ಇರೋದು ನೀನೊಬ್ಳು.”

“ಯಾಕೆ ನನ್ನ ಬೈಲಿಲ್ಲ ದೊಡ್ಡಮ್ಮ?”

“ಸುಳ್ಳು ಹೇಳಿದ್ರೆ ಬೈತಿದ್ದೆ.” ಎಂದರು. “ಹೋದ ವರ್ಷ ಬೇಸಿಗೇಲಿ ಒಬ್ಬನಿಗೆ ಟೆಂಪರೇಚರ್ ನೋಡಿ, ಐದು ನಿಮಿಷಕ್ಕೆ ಮತ್ತೆ ನೋಡೋಕೆ ಹೋಗಿದೀನಿ. ಈಗ ತಾನೇ ನೋಡಿದ್ರಲ್ಲ ಅಂದ. ಟೆಂಪರೇಚರ್ ಆಯ್ತು, ಸರಿ. ಅದೇ ಮಾತ್ರೆ ಆಗಿದ್ರೆ? ಅವತ್ತಿಂದ ಎಲ್ಲಾನೂ ಮೂರು ಸಲ ನೋಡ್ತಿದ್ದೆ, ಊಟಕ್ಕೂ ಹೋಗದೆ. ಬಿಡ್ಬೇಕು ಅಂತ ನಂಗೂ ಗೊತ್ತಿತ್ತು. ಯಾವತ್ತು ಅಂತ ನಾನೇ ಹೇಳ್ಬೇಕಿತ್ತು. ಅದೊಂದನ್ನ ನೀನು ಕಿತ್ಕೊಂಡೆ.”

ನಾನು ಅತ್ತೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ಈಗಲೂ ಹೇಳಿಲ್ಲ. ಬಗ್ಗಿ ಕಾಲುಚೀಲ ತೆಗೆದರು. ಸೋಫಾದ ಮೇಲೆ ಉದ್ದಕ್ಕೆ ಒರಗಿ, ಎರಡೂ ಕಾಲನ್ನು ತಂದು ನನ್ನ ತೊಡೆಯ ಮೇಲಿಟ್ಟರು.

“ಒತ್ತು” ಎಂದರು. “ಮೆತ್ತಗೆ.”

ಆ ಪಾದಗಳನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಿರುಬೆರಳು ಪಕ್ಕದ ಬೆರಳಿನ ಅಡಿಗೆ ಮಡಚಿ ಸೇರಿಕೊಂಡಿತ್ತು. ಅಂಗಾಲು ಇಳಿದು ಚಪ್ಪಟೆಯಾಗಿತ್ತು. ಹಿಮ್ಮಡಿ ಕಲ್ಲಿನಂತಿತ್ತು. ಎರಡು ವರ್ಷ ಒಂದೇ ಮನೆಯಲ್ಲಿದ್ದೆ, ಈ ಕಾಲಿನಲ್ಲಿ ನಿಂತು ಅವರು ಮಾಡಿದ ಅಡುಗೆ ಉಂಡಿದ್ದೆ. ಎಲ್ಲಿ ಒತ್ತಬೇಕೆಂದೇ ನನಗೆ ಗೊತ್ತಾಗಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ “ಇನ್ನೂ ಕೆಳಗೆ… ಹಾಂ, ಅಲ್ಲಿ” ಎನ್ನುತ್ತ ತೋರಿಸಿಕೊಟ್ಟರು.

ಪುಟ್ಟಿ ಆಟದ ಸಾಮಾನು ಬಿಟ್ಟು ಎದ್ದು ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಒಂದು ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು, “ಅಜ್ಜಿ, ನೋವಾ?”

“ಹೂಂ ಬಂಗಾರ” ಎಂದರು ದೊಡ್ಡಮ್ಮ. “ತುಂಬಾ ನೋವು.”